ಬಸವನಗುಡಿಯ ಬಡಾವಣೆಯೂ ವೃಷಭಾವತಿಯ ಗತಿಯೂ

ಬೆಂಗಳೂರಿನ ದಕ್ಷಿಣ ದಿಕ್ಕಿನಲ್ಲಿ ಹಿಂದೆ ಸುಂಕೇನಹಳ್ಳಿಯೆನಿಸಿದ್ದ ಗ್ರಾಮದ ದಿಣ್ಣೆಯ ಮೇಲೆ ಏಕಶಿಲೆಯ ದೊಡ್ಡ ಬಸವಣ್ಣನು ವಿರಾಜಮಾನನಾಗಿರುವನು. ಈ ಗುಡಿಯನ್ನು ಕಟ್ಟಿಸಿದವನು ಕೆಂಪೇಗೌಡನೆಂದು ಪ್ರತೀತಿ. ಬಸವನ ಪಾದಮೂಲದಲ್ಲಿ ಹುಟ್ಟಿದ ಒರತೆಯೇ ವೃಷಭಾವತೀ ನದಿಯೆಂದು ಹಿರಿಯರು ಹೇಳುತ್ತ ಬಂದಿರುವರು. ಮಲ್ಲೇಶ್ವರದವರಾದರೋ ಕಾಡುಮಲ್ಲೇಶ್ವರನ ಸನ್ನಿಧಿಯ ನಂದಿತೀರ್ಥವೇ ಅದರ ಮೂಲವೆನ್ನುವರು. ವಿವಾದವು ಹೇಗೇ ಇರಲಿ, ಎರಡು ಕಡೆಯೂ ಮೂಲಸ್ಥಾನದಲ್ಲಿ ಕುಳಿತಿರುವವನು ಬಸವನೇ. ಆ ಎರಡು ಸ್ಥಳಗಳೇ ಮುಂದೆ ಬೆಂಗಳೂರಿನ ಹೆಸರಾಂತ ಬಡಾವಣೆಗಳಾದುವು. ಆದುದರಿಂದ ಈ ಬಡಾವಣೆಗಳ ಚರಿತ್ರೆಯನ್ನು ಹೇಳುವವರು ಈ ನದಿಯ ಚರಿತ್ರೆಯನ್ನು ಬಿಟ್ಟು ಹೇಳಲಾಗದು.

ಹಳೆಯ ಬೆಂಗಳೂರೆಂದರೆ ಚಿಕ್ಕಪೇಟೆ, ದೊಡ್ಡಪೇಟೆ, ತರಗುಪೇಟೆಗಳ ಇಕ್ಕಟ್ಟಾದ ಬೀದಿಗಳು. ಮನೆಗೆ ಮನೆ ಅಂಟಿಕೊಂಡ ವಠಾರಗಳು. ಮನೆಯ ಮುಂದೆಯೇ ಹರಿಯುವ ತೆರೆದ ಮೋರಿಗಳು. ಊರನ್ನು ವಿಸ್ತರಿಸಬೇಕೆಂಬ ಯೋಚನೆಯು ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಮೊದಲಾಗಿ, 1892ರಲ್ಲಿ ಚಾಮರಾಜಪೇಟೆಯು ರೂಪುಗೊಂಡಿತು. ಅಷ್ಟರಲ್ಲಿ 1896ರಲ್ಲಿ ಮುಂಬಯಿಗೆ ಬಂದ ಪ್ಲೇಗು ರೈಲಿನ ದಾರಿ ಹಿಡಿದು 1898ರ ಆಗಸ್ಟಿನಲ್ಲಿ ಬೆಂಗಳೂರನ್ನೂ ಹೊಕ್ಕಿತು. ಜನರು ಮನೆಮಠಗಳನ್ನು ತೊರೆದು ಬಯಲಿನ ಗುಡಿಸಲುಗಳಲ್ಲಿ ನಿಂತರು. ಇಂಥ ಭೀತಿಯ ನಡುವೆ ಬಸವನಗುಡಿ, ಮಲ್ಲೇಶ್ವರಗಳ ಕೆಲಸವು ತ್ವರೆಯಿಂದ ಸಾಗಿತು. ಕೊಳೆಯೂ ಕೆಟ್ಟ ಗಾಳಿಯೂ ರೋಗಕ್ಕೆ ಕಾರಣವೆಂದು ಆಗ ಬಹುಮಂದಿ ನಂಬಿದ್ದರು. ಇಲಿಯ ಮೈಮೇಲಿನ ಚಿಗಟವು ಪ್ಲೇಗನ್ನು ಹರಡುವುದೆಂದು ಸೀಮಂಡ್ ಎಂಬ ಫ್ರೆಂಚ್ ವೈದ್ಯನು ಅದೇ 1898ರಲ್ಲಿ ಕರಾಚಿಯಲ್ಲಿ ಕಂಡುಹಿಡಿದನಾದರೂ ಅವನ ಮಾತನ್ನು ವಿದ್ವಾಂಸರು ಒಪ್ಪಿಕೊಳ್ಳಲು ಹಲವು ವರ್ಷಗಳು ಹಿಡಿದುವು. ಕಾರಣವನ್ನು ಪೂರ್ತಿಯಾಗಿ ತಿಳಿಯದೆಯೇ ಮಾಡಿದ ಕೆಲಸವಾದರೂ, ಅಗಲವಾದ ಬೀದಿ, ಗಾಳಿ ಬೆಳಕು, ಮನೆಯ ಸುತ್ತ ಬಯಲು, ನಡುವೆ ಉದ್ಯಾನ ಇವುಗಳಿಂದ ಹಿತವೇ ಆಯಿತು.

ಈ ಬಡಾವಣೆಗಳ ನಕ್ಷೆಯಲ್ಲಿ ಒಂದು ವಿಶೇಷವುಂಟು. ಮನೆಗಳ ಮುಂಬಾಗಿಲಿಗೆ ದೊಡ್ಡ ಬೀದಿ ಇರುವಂತೆ ಹಿತ್ತಲಿನ ಕಡೆಗೆ ಒಂದು ಕಿರಿದಾದ ಓಣಿಯನ್ನೂ ಬಿಟ್ಟಿದ್ದರು. ಇದಕ್ಕೆ ಕನ್ಸರ್ವೆನ್ಸಿ ಓಣಿಯೆಂದು ಹೆಸರು. ಹಿತ್ತಲಿನ ಕಕ್ಕಸನ್ನು ಬರಿದುಮಾಡುವವರು ಈ ಓಣಿಯಿಂದಲೇ ಬಂದು ಈ ಓಣಿಯಿಂದಲೇ ಹೋಗಬೇಕು. ಮುಂಬೀದಿಯಲ್ಲಿ ನಡೆಯುವವರ ಕಣ್ಣಿಗೆ ಅವರು ಬೀಳಬಾರದು. ನಿವೇಶನಗಳನ್ನು ಜಾತಿಜಾತಿಗೆ ಬೇರೆಬೇರೆಯಾಗಿ ಹಂಚಿದ ಆ ಕಾಲದಲ್ಲಿ, ಎಲ್ಲರ ಮಲವನ್ನೂ ಹೊರುವವರಿಗೆ ನಕ್ಷೆಯಲ್ಲಿ ದೊರೆತ ಸ್ಥಾನವು ಈ ಓಣಿಯೊಂದೇ. ಬಡಾವಣೆಯ ಶುಚಿಯು ನಿಂತಿದ್ದುದು ಕೊಳವೆಯ ಮೇಲಲ್ಲ, ಮನುಷ್ಯರ ತಲೆಯ ಮೇಲೆ.

ಬಚ್ಚಲ ನೀರಾದರೋ ಮೋರಿಗಳಲ್ಲಿ ಇಳಿಜಾರು ಹಿಡಿದು ಹರಿಯಿತು. ನೀರಿಗೆ ನಕ್ಷೆ ಬೇಕಿಲ್ಲ. ತಗ್ಗೇ ಅದರ ದಾರಿ. ಬಸವನಗುಡಿಯ ಸುತ್ತಣ ತಗ್ಗೆಂದರೆ ಕೆಂಪಾಂಬುಧಿ ಕೆರೆ. ಅದರಿಂದ ಮುಂದೆ ವೃಷಭಾವತಿ. ಊರಿಗೆ ನೀರು ಕೊಡಲೆಂದು ಕಟ್ಟಿದ ಕೆರೆಯು ಕಾಲಕ್ರಮದಲ್ಲಿ ಊರಿನ ಕೊಳೆನೀರಿಗೆ ಮಡುವಾಯಿತು.

ನೆಲದೊಳಗೆ ಕೊಳವೆಗಳನ್ನಿಟ್ಟು ಒಳಚರಂಡಿಯನ್ನು ಕಟ್ಟುವ ಕೆಲಸವು ಬೆಂಗಳೂರಿನಲ್ಲಿ ಮೊದಲಾದುದು 1922ರಲ್ಲಿ. ಅದು ದೊಡ್ಡ ಪ್ರಮಾಣದಲ್ಲಿ ನಡೆದುದಾದರೋ 1950ರಿಂದ ಈಚೆಗೆ. ಅಷ್ಟರೊಳಗೆ ಊರು ಕಾದು ಕುಳಿತಿರಲಿಲ್ಲ. 1945ರಲ್ಲಿ ನಗರಾಭಿವೃದ್ಧಿಗೆಂದು ಟ್ರಸ್ಟ್ ಬೋರ್ಡು ಸ್ಥಾಪಿತವಾಯಿತು. 1948ರಲ್ಲಿ ಜಯನಗರಕ್ಕೆ ಅಸ್ತಿಭಾರ ಬಿದ್ದಿತು. 1941ರಲ್ಲಿ ನಾಲ್ಕು ಲಕ್ಷದಷ್ಟಿದ್ದ ಜನಸಂಖ್ಯೆಯು 1951ರಲ್ಲಿ ಏಳು ಮುಕ್ಕಾಲು ಲಕ್ಷವನ್ನು ಮುಟ್ಟಿತು. ಮನೆಯು ಮೊದಲು, ಮೋರಿಯು ಆಮೇಲೆ ಎಂಬ ಕ್ರಮವು ಅಂದಿನಿಂದ ನಿಯಮದಂತೆಯೇ ನಿಂತುಬಿಟ್ಟಿತು.

ಇದಕ್ಕೆ ನೀರಿನ ವಿಷಯವೂ ಸೇರಿತು. 1896ರಲ್ಲಿ ಹೆಸರಘಟ್ಟದಿಂದ, 1933ರಲ್ಲಿ ತಿಪ್ಪಗೊಂಡನಹಳ್ಳಿಯಿಂದ, 1974ರಲ್ಲಿ ಕಾವೇರಿಯಿಂದ ನಗರಕ್ಕೆ ನೀರು ಬಂದಿತು. ಒಂದೊಂದು ಸಲವೂ ಹಬ್ಬವಾಯಿತು. ಆದರೆ ಎಂಜಿನಿಯರುಗಳ ಲೆಕ್ಕದಂತೆ ಮನೆಗೆ ಬಂದ ಹತ್ತು ಕೊಡ ನೀರಿನಲ್ಲಿ ಎಂಟು ಕೊಡ ಕೊಳೆನೀರಾಗಿ ಹೊರಬೀಳುವುದು. ಬರುವ ನೀರಿಗೆ ಮಾಡಿದಷ್ಟು ಚಿಂತೆಯನ್ನು ಹೋಗುವ ನೀರಿಗೆ ಯಾರೂ ಮಾಡಲಿಲ್ಲ. 1964ರಲ್ಲಿ ಜಲಮಂಡಲಿಯು ಹುಟ್ಟಿದಾಗ ನೀರನ್ನೂ ಒಳಚರಂಡಿಯನ್ನೂ ಒಂದೇ ಕೈಗೆ ಒಪ್ಪಿಸಿದುದು ವಿವೇಕವೇ ಸರಿ. ವೃಷಭಾವತಿಯ ಕಣಿವೆಯಲ್ಲಿ ಕೊಳೆನೀರನ್ನು ಶುದ್ಧಿಮಾಡುವ ಸ್ಥಾವರವೂ ಆಯಿತು. ಆದರೂ ಕೊಳವೆಗೆ ಸೇರದೆ ರಾಜಕಾಲುವೆಗೆ ನುಗ್ಗಿದ ಕೊಳೆಗೂ ಕಾರ್ಖಾನೆಗಳ ವಿಷಕ್ಕೂ ತಡೆಯುಂಟಾಗಲಿಲ್ಲ.

ಹೀಗೆ ಬಸವನ ಪಾದೋದಕವೆಂದು ಜನರು ತಲೆಯ ಮೇಲೆ ಚಿಮುಕಿಸಿಕೊಳ್ಳುತ್ತಿದ್ದ ನೀರು ಮೂಗು ಮುಚ್ಚಿಕೊಂಡು ದಾಟಬೇಕಾದ ನೀರಾಯಿತು. ಮೈಸೂರು ರಸ್ತೆಯ ಗಾಳಿ ಆಂಜನೇಯಸ್ವಾಮಿಯ ಗುಡಿಯ ಮಗ್ಗುಲಲ್ಲಿ ಅದು ಕಪ್ಪಾಗಿ ಹರಿಯುವುದು. ದೊಡ್ಡ ಮಳೆ ಬಂದಾಗ ಗುಡಿಯೊಳಕ್ಕೂ ನುಗ್ಗಿದುದುಂಟು. ಬಿಡದಿಯ ಸಮೀಪದ ಬೈರಮಂಗಲದ ಜಲಾಶಯದಲ್ಲಿ ಅದೇ ನೀರು ನಿಂತು ರೈತರ ಗದ್ದೆಗಳಿಗೆ ಇಳಿಯುವುದು. ಮುಂದೆ ಅರ್ಕಾವತಿಯನ್ನು ಕೂಡಿ ಕನಕಪುರದ ಸೀಮೆಯ ಸಂಗಮದಲ್ಲಿ ಕಾವೇರಿಗೆ ಬೀಳುವುದು. ಸುಮಾರು ನೂರು ಕಿಲೋಮೀಟರು ದೂರದಿಂದ, ಅರ್ಧ ಕಿಲೋಮೀಟರು ಎತ್ತರಕ್ಕೆ ಯಂತ್ರಬಲದಿಂದ ಏರಿಸಿ ತಂದ ಕಾವೇರಿಯನ್ನು ನಗರವು ಹೀಗೆ ಕಾವೇರಿಗೆ ಹಿಂದಿರುಗಿಸುತ್ತಿದೆ. ನೀರಿನಲ್ಲಿ ಮಲಮೂತ್ರಗಳನ್ನು ಬಿಡಕೂಡದೆಂದು ಸ್ಮೃತಿಗಳು ಸ್ಪಷ್ಟವಾಗಿ ನಿಷೇಧಿಸಿವೆ. ಅವುಗಳನ್ನು ಓದಿದವರೂ ಓದದವರೂ ಈ ವಿಷಯದಲ್ಲಿ ಸಮಾನರಾದರು.

ನಗರದ ಪೂರ್ವಭಾಗದ ಕಥೆಯೂ ಇದಕ್ಕಿಂತ ಬೇರೆಯಲ್ಲ. ಬೆಳ್ಳಂದೂರು ಕೆರೆಯು ನೊರೆ ಕಾರಿ, 2017ರಲ್ಲಿಯೂ 2018ರಲ್ಲಿಯೂ ಹೊತ್ತಿ ಉರಿದುದನ್ನು ಲೋಕವೆಲ್ಲ ಕಂಡಿತು. 2007ರಲ್ಲಿ ಮಹಾನಗರಪಾಲಿಕೆಗೆ ಸೇರಿದ 110 ಹಳ್ಳಿಗಳಲ್ಲಿ ಮನೆಗಳು ಮಹಡಿಯ ಮೇಲೆ ಮಹಡಿಯಾಗಿ ಎದ್ದುವು. ಕಕ್ಕಸಿನ ಗುಂಡಿಗಳನ್ನು ಬರಿದುಮಾಡಲು ಲಾರಿಗಳು ತಿರುಗಾಡಿದುವು. ಆ ಹಳ್ಳಿಗಳಿಗೆಂದೇ ಕಾವೇರಿಯ ಐದನೆಯ ಹಂತದ ನೀರು ಹೊರಟುದು 2024ರ ಅಕ್ಟೋಬರಿನಲ್ಲಿ. ಶುದ್ಧಿಮಾಡಿದ ನೀರನ್ನು 2018ರಿಂದ ಕೋಲಾರದ ಬತ್ತಿದ ಕೆರೆಗಳಿಗೆ ಕಳುಹಿಸುತ್ತಿರುವುದು ಒಂದು ಹೊಸ ದಾರಿ. ಆದರೆ ಶುದ್ಧಿಯು ಪೂರ್ಣವಾಗದೆ ಕಳುಹಿಸಿದರೆ ತನ್ನ ಹಿತ್ತಲನ್ನು ಗುಡಿಸಿ ನೆರೆಯವನ ಅಂಗಳಕ್ಕೆ ಸುರಿದಂತೆಯೇ ಆಗುವುದು.

ಇನ್ನು ಹಿತ್ತಲ ಓಣಿಯಲ್ಲಿ ನಡೆದವರ ಮಾತು. ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ಕರ್ನಾಟಕದಲ್ಲಿ 1970ರ ದಶಕದಲ್ಲಿ ನಿಷೇಧಿಸಿದವರು ಅಂದು ಮಂತ್ರಿಗಳಾಗಿದ್ದ ಬಿ. ಬಸವಲಿಂಗಪ್ಪನವರು. ಆ ಬಳಿಕ 1993ರಲ್ಲಿಯೂ 2013ರಲ್ಲಿಯೂ ಕೇಂದ್ರದ ಕಾಯಿದೆಗಳಾದುವು. ಹೊರುವುದು ನಿಂತರೂ ಇಳಿಯುವುದು ನಿಲ್ಲಲಿಲ್ಲ. ಕಟ್ಟಿಕೊಂಡ ಮ್ಯಾನ್‌ಹೋಲಿನೊಳಗೆ ಇಳಿದು ವಿಷವಾಯುವಿನಿಂದ ಮಡಿದವರ ಸುದ್ದಿಯು ಪತ್ರಿಕೆಗಳಲ್ಲಿ ಈಗಲೂ ಬರುತ್ತಿರುವುದು. ನಗರವು ಕಟ್ಟಿದ ಮನೆಗಳ ಸಂಖ್ಯೆಯನ್ನು ಎಣಿಸುವವರುಂಟು. ಅವುಗಳ ಶುಚಿಗಾಗಿ ತೆತ್ತ ಪ್ರಾಣಗಳನ್ನು ಎಣಿಸುವವರು ವಿರಳ.

ಆ ಓಣಿಗಳಲ್ಲಿ ಕೆಲವು ಇಂದು ಒತ್ತುವರಿಯಾಗಿವೆ, ಕೆಲವು ಕಾಲುದಾರಿಗಳಾಗಿವೆ. ಅವುಗಳನ್ನು ಬಿಟ್ಟುದರ ಉದ್ದೇಶವು ಎಳೆಯರಿಗೆ ತಿಳಿಯದು. ಆದರೆ ಅವು ಒಂದು ಮಾತಿಗೆ ಸಾಕ್ಷಿಯಾಗಿ ನಿಂತಿವೆ: ಬಸವನಗುಡಿಯನ್ನು ನಿರ್ಮಿಸಿದವರು, ಮನೆಯೊಂದು ಏಳುವ ಮುಂಚೆಯೇ ಅದರ ಕೊಳೆಯು ಯಾವ ದಾರಿಯಿಂದ ಹೊರಟೀತೆಂದು ಯೋಚಿಸಿದ್ದರು. ಅದನ್ನು ಹೊರುವವರಾರು, ಅದು ತಲಪುವುದೆಲ್ಲಿ ಎಂಬ ಮುಂದಿನ ಎರಡು ಪ್ರಶ್ನೆಗಳನ್ನು ಅವರು ಕೇಳಲಿಲ್ಲ. ಅವರ ತರುವಾಯದವರು ಮೊದಲಿನ ಪ್ರಶ್ನೆಯನ್ನೂ ಮರೆತರು. ಈ ಮೂರಕ್ಕೂ ಉತ್ತರವು ದೊರೆಯದೆ ಹೊಸ ಬಡಾವಣೆಗೆ ಗುದ್ದಲಿ ಹಾಕುವುದು ಗಜಸ್ನಾನದಂತೆ ವ್ಯರ್ಥಶ್ರಮ. ಕಾರ್ತಿಕಮಾಸದ ಕಡೆಯ ಸೋಮವಾರ ಕಡಲೆಕಾಯಿ ಪರಿಷೆಗೆ ನೆರೆಯುವ ಸಾವಿರಾರು ಜನರು ಬಸವನಿಗೆ ಕೈಮುಗಿದು ಹಿಂದಿರುಗುವರು. ಅವನ ಪಾದದಿಂದ ಹೊರಟ ಹೊಳೆಯು ಎತ್ತ ಹೋಯಿತೆಂದು ಅವರು ಒಮ್ಮೆ ವಿಚಾರಿಸಿದರೆ, ಅದೂ ಒಂದು ಪೂಜೆಯೇ ಆದೀತು.