ಹರಿಗೋಲು ಹೆಣೆದವರು

ಹೋದ ವರ್ಷ ಸಂಕ್ರಾಂತಿಗೆ ಸೋದರಮಾವನ ಊರಿಗೆ ಹೋಗಿದ್ದೆ. ಆನೆಗೊಂದಿಯ ಹತ್ತಿರ, ತುಂಗಭದ್ರೆಯ ದಂಡೆಯ ಮೇಲಿನ ಊರು. ಚಿಕ್ಕವನಿದ್ದಾಗ ಬೇಸಿಗೆ ರಜೆಯೆಲ್ಲ ಕಳೆದದ್ದು ಅಲ್ಲೇ. ಈ ಸಲ ಹೋದಾಗ ಮಾವ ಅಂಗಳದ ತುಂಬ ಬಿದಿರು ಹರವಿಕೊಂಡು ಕೂತಿದ್ದರು. ಹಳೇ ಹರಿಗೋಲಿನ ತಳ ಸವೆದು ಹೋಗಿತ್ತಂತೆ, ಹೊಸದೊಂದು ಹೆಣೆಯಬೇಕು. ಜನ ದಾಟಿಸುವ ದೊಡ್ಡದಲ್ಲ. ಸಂಜೆ ಒಬ್ಬರೇ ಹೋಗಿ ಬಲೆ ಬಿಟ್ಟು, ಬೆಳಿಗ್ಗೆ ಎತ್ತಿಕೊಂಡು ಬರುವಷ್ಟು ಸಣ್ಣದು.

ಇಂಜಿನಿಯರಿಂಗ್ ಓದಿದವನಿಗೆ ಸುಮ್ಮನೆ ಕೂರೋಕಾಗುತ್ತಾ? ಟೇಪು, ನೋಟ್‌ಬುಕ್ಕು ಹಿಡಿದು ಪಕ್ಕದಲ್ಲಿ ಕೂತೆ.

"ಮಾವ, ಎಷ್ಟು ಅಡಿ ಅಗಲ?"

"ಅದರಾಗ ಯಾರು ಕೂಡ್ತಾರ?"

"ಅಂದ್ರೆ?"

"ಕೂಡೋರು ಯಾರು ಅನ್ನೋದರ ಮ್ಯಾಲೆ ಅಗಲ, ಅಳಿಯಾ. ನಾನೊಬ್ಬ, ಬಲಿ, ಒಂದು ಬುಟ್ಟಿ ಮೀನ. ನಾಕು ಮೊಳ ಸಾಕು."

ಮಾವನ ಮೊಳಕ್ಕೆ ಟೇಪು ಹಿಡಿದೆ. 19 ಇಂಚು! ಅಂದರೆ ಹರಿಗೋಲು 6 ಅಡಿ 4 ಇಂಚು. ಕಾಲೇಜಿನಲ್ಲಿ ನಾಲ್ಕು ವರ್ಷ ಕಲಿತ 'ರಿಕ್ವೈರ್‌ಮೆಂಟ್' ಅನ್ನೋ ಪದದ ಅರ್ಥ ಅವತ್ತು ಸರಿಯಾಗಿ ಗೊತ್ತಾಯಿತು :-)

ಮೊದಲು ಬಿದಿರನ್ನು ಉದ್ದಕ್ಕೆ ಸೀಳಿ, ಒಳಮೈ ಹೆರೆದು ದಬ್ಬೆ ಮಾಡಿಕೊಳ್ಳಬೇಕು. ಗೆಣ್ಣುಗಳನ್ನು ನಯ ಮಾಡದಿದ್ದರೆ ಬಾಗಿಸುವಾಗ ಅಲ್ಲೇ ಮುರಿಯುತ್ತವೆ. ನಾನು ಸೀಳಿಕೊಟ್ಟ ಆರು ದಬ್ಬೆಗಳಲ್ಲಿ ನಾಲ್ಕನ್ನು ಮಾವ ಏನೂ ಮಾತಾಡದೆ ಒಲೆಯ ಕಡೆ ಎಸೆದರು. ಆಯ್ದ ದಬ್ಬೆಗಳನ್ನು ರಾತ್ರಿಯಿಡೀ ಹೊಳೆಯಲ್ಲಿ ನೆನೆಸಿಟ್ಟರು. ಮಾರನೇ ದಿನ ನೆಲದ ಮೇಲೆ ತಳದ ಹೆಣಿಗೆ. ಜೋಡಿ ಜೋಡಿ ದಬ್ಬೆಗಳು, ಒಂದರ ಮೇಲೆ, ಇನ್ನೊಂದರ ಕೆಳಗೆ. ತಳ ಮುಗಿದ ಮೇಲೆ ನಡುವೆ ಗುಂಡುಕಲ್ಲು ಹೇರಿ, ಹೊರಗುಳಿದ ತುದಿಗಳನ್ನು ಮೇಲಕ್ಕೆ ಬಾಗಿಸುತ್ತಾ, ಸುತ್ತಲೂ ಅಡ್ಡ ದಬ್ಬೆ ಹೆಣೆಯುತ್ತಾ ಹೋದರು. ಕೊನೆಗೆ ಬಾಯಿಗೆ ದಪ್ಪ ದಬ್ಬೆಗಳ ಬಳೆ ಬಿಗಿದರು. ಒಂದೇ ಒಂದು ಮೊಳೆ ಇಲ್ಲ. ನೋಡಿದರೆ ದೊಡ್ಡದೊಂದು ಬುಟ್ಟಿ, ಅಷ್ಟೇ.

ಆ ಬುಟ್ಟಿಯ ಲೆಕ್ಕ ಮಾತ್ರ ಅದ್ಭುತ. ಚಪ್ಪಟೆ ತಳದ ಅಗಲ 1.7 ಮೀಟರ್ ಅಂತಿಟ್ಟುಕೊಳ್ಳಿ. ವಿಸ್ತೀರ್ಣ ಸುಮಾರು 2.27 ಚದರ ಮೀಟರ್. ಆಳು, ಬಲೆ, ಹರಿಗೋಲಿನ ಸ್ವಂತ ತೂಕ ಎಲ್ಲ ಸೇರಿ 100 ಕಿಲೋ ಆದರೆ ಅದು ನೀರಿನಲ್ಲಿ ಮುಳುಗುವುದು ನಾಲ್ಕೂವರೆ ಸೆಂಟಿಮೀಟರ್‌ಗೂ ಕಡಿಮೆ! ಎರಡೂವರೆ ಬೆರಳು. ಹಂಪಿಯ ಕಡೆ ಹೊಳೆ ನೋಡಿದವರಿಗೆ ಇದರ ಬೆಲೆ ಗೊತ್ತಾಗುತ್ತೆ. ನೀರಿಗಿಂತ ಬಂಡೆಯೇ ಜಾಸ್ತಿ, ಬೇಸಿಗೆಯಲ್ಲಿ ಎಷ್ಟೋ ಕಡೆ ಮೊಣಕಾಲುದ್ದ ನೀರು. ಚೂಪು ತಳದ ಮರದ ದೋಣಿ ತಂದರೆ ಮೊದಲ ಬಂಡೆಗೇ ಕೂತುಬಿಡುತ್ತೆ. ಹರಿಗೋಲು ಬಂಡೆಗೆ ತಾಗಿದರೆ ಒಂದು ಸುತ್ತು ತಿರುಗಿ ಮುಂದೆ ಹೋಗುತ್ತೆ. ನೀರೇ ಇಲ್ಲದ ಕಡೆ ತಲೆಯ ಮೇಲೆ ಹೊತ್ತು ನಡೆದರಾಯಿತು.

ಈ ತಿರುಗುವಿಕೆಯನ್ನು ಐನೂರು ವರ್ಷದ ಹಿಂದೆಯೇ ಒಬ್ಬ ಬರೆದಿಟ್ಟಿದ್ದಾನೆ. ಕೃಷ್ಣದೇವರಾಯನ ಕಾಲದಲ್ಲಿ, ಸುಮಾರು 1520ರಲ್ಲಿ, ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ ಡೊಮಿಂಗೊ ಪಾಯೆಸ್. ಬುಟ್ಟಿಯಂಥ ದುಂಡನೆಯ ದೋಣಿ, ಒಳಗೆ ಬೆತ್ತದ ಹೆಣಿಗೆ, ಹೊರಗೆ ಚರ್ಮದ ಹೊದಿಕೆ, ಹದಿನೈದು ಇಪ್ಪತ್ತು ಜನ ಕೂರಬಹುದು, ಬೇಕಾದರೆ ಕುದುರೆ ಎತ್ತುಗಳನ್ನೂ ದಾಟಿಸಬಹುದು ಅಂತೆಲ್ಲ ವಿವರಿಸುತ್ತಾನೆ. ನೆಟ್ಟಗೆ ಹೋಗದೆ ಸುತ್ತುತ್ತಲೇ ಇರುತ್ತವೆ ಅನ್ನುವುದನ್ನೂ ಮರೆತಿಲ್ಲ. ಪಾಪ, ಅವನು ಕಡಲ ಹಡಗಿನಲ್ಲಿ ಬಂದವನು! ಹಡಗಿಗೆ ಅಡಿಯಲ್ಲಿ ಉದ್ದನೆಯ ತೊಲೆ ಇರುತ್ತೆ, ಅದೇ ದಾರಿ ಹಿಡಿದು ನಿಲ್ಲಿಸುತ್ತೆ. ಹರಿಗೋಲಿಗೆ ಅದಿಲ್ಲ. ಹಾಗಾಗಿ ಅಂಬಿಗ ಮುಂಭಾಗದಲ್ಲಿ ಕೂತು ಹುಟ್ಟಿನಿಂದ ನೀರನ್ನು ತನ್ನ ಕಡೆಗೇ ಎಳೆದುಕೊಳ್ಳುತ್ತಾನೆ. ಕೈ ಪಳಗಿದವನ ಹರಿಗೋಲು ನೆಟ್ಟಗೇ ಹೋಗುತ್ತೆ. ನಾನು ಹುಟ್ಟು ಹಾಕಿದಾಗ ಪಾಯೆಸ್ ಹೇಳಿದ ಹಾಗೇ ಆಯಿತು ಅನ್ನುವುದು ಬೇರೆ ವಿಷಯ.

ಪಾಯೆಸ್‌ನ ಬರಹ 1897ರಲ್ಲಿ ಪೋರ್ಚುಗೀಸಿನಲ್ಲಿ ಅಚ್ಚಾಯಿತು. ರಾಬರ್ಟ್ ಸೂವೆಲ್ 1900ರಲ್ಲಿ ಅದನ್ನು ಇಂಗ್ಲಿಷಿಗೆ ತಂದ. ಅಷ್ಟರಲ್ಲಿ ಇನ್ನೊಬ್ಬ ದೊಡ್ಡ ಮನುಷ್ಯನೂ ನಮ್ಮ ಹರಿಗೋಲು ಹತ್ತಿ ಇಳಿದಿದ್ದ. ಆರ್ಥರ್ ವೆಲ್ಲೆಸ್ಲಿ. ಮುಂದೆ 1815ರಲ್ಲಿ ವಾಟರ್‌ಲೂನಲ್ಲಿ ನೆಪೋಲಿಯನ್ನನನ್ನು ಸೋಲಿಸಿದನಲ್ಲ, ಅವನೇ. ಟಿಪ್ಪು ಸತ್ತ ಮರುವರ್ಷ, 1800ರಲ್ಲಿ, ಧೋಂಡಿಯಾ ವಾಘನ ಬೆನ್ನಟ್ಟಿ ಹೊರಟ ಅವನ ಸೈನ್ಯಕ್ಕೆ ಹರಿಹರದ ಹತ್ತಿರ ತುಂಗಭದ್ರೆ ಅಡ್ಡ ಬಂತು. ದಾಟಿದ್ದು ಬುಟ್ಟಿ ದೋಣಿಗಳಲ್ಲಿ. 1803ರಲ್ಲಿ ಮರಾಠರ ಮೇಲೆ ಹೋಗುವಾಗಲಂತೂ ನಮ್ಮ ಹೊಳೆಗಳನ್ನು ದಾಟಲು ಚರ್ಮ ಹೊದೆಸಿದ ಬುಟ್ಟಿ ದೋಣಿಗಳನ್ನು ಮೊದಲೇ ಮಾಡಿಸಿಡುವ ವ್ಯವಸ್ಥೆ ಮಾಡಿದ್ದ. ಅವನ ಪತ್ರಗಳಲ್ಲಿ ಈ ದೋಣಿಗಳ ಮಾತು ಮತ್ತೆ ಮತ್ತೆ ಬರುತ್ತೆ.

ಇದನ್ನೆಲ್ಲ ಓದುವಾಗ ಒಂದು ವಿಷಯ ಚುಚ್ಚಿತು. ಹರಿಗೋಲು ಹತ್ತಿದವರ ಹೆಸರು ಚರಿತ್ರೆಯಲ್ಲಿದೆ. ಹುಟ್ಟು ಹಾಕಿದವರಲ್ಲೂ ಒಬ್ಬರಿದ್ದಾರೆ, ಹನ್ನೆರಡನೇ ಶತಮಾನದ ವಚನಕಾರ ಅಂಬಿಗರ ಚೌಡಯ್ಯ, ತನ್ನ ಹೆಸರನ್ನೇ ಅಂಕಿತ ಮಾಡಿಕೊಂಡವನು. ಹೆಣೆದವರು? ವೆಲ್ಲೆಸ್ಲಿಯ ಸೈನ್ಯಕ್ಕೆ ದಬ್ಬೆ ಸೀಳಿದವರು ಯಾವ ಊರಿನವರು, ಚರ್ಮ ಹೊಲಿದವರು ಯಾರು? ಅವರು ಯಾರೂ ಹೆಸರಾಗಿ ಉಳಿದಿಲ್ಲ.

ನಮ್ಮಲ್ಲಷ್ಟೇ ಅಲ್ಲ ಈ ದೋಣಿ. ಯೂಫ್ರೆಟಿಸ್ ನದಿಯಲ್ಲಿ ಚರ್ಮ ಹೊದೆಸಿದ ದುಂಡು ದೋಣಿಗಳು ಬ್ಯಾಬಿಲೋನಿಗೆ ಸರಕು ತರುತ್ತಿದ್ದುದನ್ನು ಗ್ರೀಕರ ಹೆರೊಡೋಟಸ್ ಎರಡೂವರೆ ಸಾವಿರ ವರ್ಷದ ಹಿಂದೆ ಬರೆದಿದ್ದಾನೆ. ಇರಾಕಿನ 'ಕುಫ್ಫಾ'ಗೆ ಡಾಂಬರಿನ ಲೇಪ, ವೇಲ್ಸಿನ 'ಕೊರಾಕಲ್'ಗೆ ಬಟ್ಟೆಯ ಹೊದಿಕೆ. ಕೈಗೆ ಸಿಕ್ಕಿದ್ದರಲ್ಲಿ ಹೆಣೆದು, ಮೇಲೆ ನೀರು ಒಳಗೆ ಬಿಡದ ಯಾವುದನ್ನಾದರೂ ಹೊದೆಸು, ಇಷ್ಟೇ ಸೂತ್ರ.

ನಮ್ಮಲ್ಲೂ ಹೊದಿಕೆ ಬದಲಾಗುತ್ತಲೇ ಬಂದಿದೆ. ಮಾವನ ಅಜ್ಜನ ಕಾಲದಲ್ಲಿ ಎತ್ತು, ಎಮ್ಮೆಯ ಚರ್ಮ. ಚರ್ಮ ಹಸಿಯಾಗಿಯೇ ಇದ್ದರೆ ಕೊಳೆಯುತ್ತೆ. ಅದಕ್ಕೇ ಕೆಲಸ ಮುಗಿದ ಕೂಡಲೇ ದಂಡೆಗೆ ತಂದು ಬೋರಲು ಹಾಕಿ ಒಣಗಿಸಬೇಕಿತ್ತು. ಆಮೇಲೆ ರಸಗೊಬ್ಬರದ ಪ್ಲಾಸ್ಟಿಕ್ ಚೀಲ ಬಂತು, ಡಾಂಬರು ಬಂತು. ಚರ್ಮ ಹೋದರೂ ಮಾವ ಇವತ್ತಿಗೂ ಹರಿಗೋಲನ್ನು ಬೋರಲೇ ಹಾಕುತ್ತಾರೆ. ಯಾಕೆ ಅಂತ ಕೇಳಿದರೆ "ನಮ್ಮಪ್ಪ ಹಾಕ್ತಿದ್ದ" ಅಂದರು. (ನಮ್ಮ ಆಫೀಸಿನ ಹಳೇ ಕೋಡಿನಲ್ಲೂ ಇಂಥವು ಬೇಕಾದಷ್ಟಿವೆ!)

ಹೊಳೆಯೂ ಬದಲಾಯಿತು. ಒಂದು ಕಾಲದಲ್ಲಿ ನಮ್ಮೂರ ಹರಿಗೋಲು ಎರಡು ಸರ್ಕಾರಗಳ ನಡುವೆ ಓಡಾಡುತ್ತಿತ್ತು ಅಂದರೆ ನಂಬುತ್ತೀರಾ? ಹಂಪಿಯ ದಂಡೆ ಮದ್ರಾಸ್ ಪ್ರಾಂತ್ಯ, ಆನೆಗೊಂದಿಯ ದಂಡೆ ಹೈದರಾಬಾದಿನ ನಿಜಾಮನದು. 1953ರಲ್ಲಿ ಬಳ್ಳಾರಿ, 1956ರಲ್ಲಿ ರಾಯಚೂರು ಮೈಸೂರು ರಾಜ್ಯಕ್ಕೆ ಸೇರಿದ ಮೇಲಷ್ಟೇ ಎರಡೂ ದಂಡೆ ಒಂದಾದದ್ದು. ಅದೇ ಹೊತ್ತಿಗೆ, 1953ರಲ್ಲಿ, ಮೇಲೆ ತುಂಗಭದ್ರಾ ಅಣೆಕಟ್ಟು ಮುಗಿಯಿತು. ಹರಿಗೋಲುಗಳಿಗೆ ಮೀನು ಹಿಡಿಯಲು ಕಡಲಿನಂಥ ಹಿನ್ನೀರು ಸಿಕ್ಕಿತು. ಆದರೆ ಕೆಳಗಿನ ಹೊಳೆಯಲ್ಲಿ ಎಷ್ಟು ನೀರಿರಬೇಕು ಅನ್ನುವುದು ಗೇಟು ಎತ್ತುವವರ ಕೈಗೆ ಹೋಯಿತು. ಆನೆಗೊಂದಿ-ತಳವಾರಘಟ್ಟದ ನಡುವೆ ಕಟ್ಟುತ್ತಿದ್ದ ಸೇತುವೆ 2009ರ ಜನವರಿಯಲ್ಲಿ ಕುಸಿದು ಕೂಲಿಕಾರರು ಸತ್ತರು. ಅವತ್ತಿನ ಸುದ್ದಿ ಬಂದಾಗ ಅಮ್ಮ ಇಡೀ ದಿನ ಊರಿಗೆ ಫೋನು ಮಾಡುತ್ತಲೇ ಇದ್ದದ್ದು ನೆನಪಿದೆ.

ಈಗ ಫೈಬರ್ ಹರಿಗೋಲಿನ ಕಾಲ. ಮಾವನ ಮಗನ ಹತ್ತಿರ ಅದೇ ಇದೆ. ಡಾಂಬರು ಬೇಡ, ಬಿದಿರು ಹುಡುಕಿಕೊಂಡು ಗಂಗಾವತಿಗೆ ಹೋಗುವುದೂ ಬೇಡ. ನಾನು ಬಿದಿರಿನದೇ ಚೆಂದ ಅಂತ ಶುರು ಮಾಡಿದೆ. "ಚೆಂದ ನೋಡಾಕ ನೀ ವರ್ಷಕ್ಕೊಮ್ಮೆ ಬರ್ತೀಯಪ್ಪಾ, ದಿನಾ ನೀರಿಗೆ ಇಳಿಯೋನು ಅಂವ" ಅಂದರು ಮಾವ. ನನ್ನ ಬಾಯಿ ಮುಚ್ಚಿತು.

ಮೂರನೇ ದಿನ ಚೀಲ ಹೊಲಿದು ಹೊದೆಸಿ, ಡಾಂಬರು ಕಾಯಿಸಿ ಬಳಿದೆವು. ಒಂದು ಮಗ್ಗುಲು ನನಗೇ ಬಿಟ್ಟರು. ಒಣಗಿದ ಮೇಲೆ ನೀರಿಗಿಳಿಸಿದೆವು. ಹುಟ್ಟು, ಬಲೆ, ಹಗ್ಗ, ನೀರು ಎತ್ತಿ ಚೆಲ್ಲಲು ಹಳೇ ಪ್ಲಾಸ್ಟಿಕ್ ಮಗ್ಗು, ಇಷ್ಟೇ ಸರಂಜಾಮು. ಹತ್ತು ನಿಮಿಷ ಚೆನ್ನಾಗಿತ್ತು. ಆಮೇಲೆ ನನ್ನ ಪಾದ ತಣ್ಣಗಾಯಿತು. ನೋಡಿದರೆ ಸೋರುತ್ತಿರುವುದು ನಾನು ಬಳಿದ ಮಗ್ಗುಲು! ಹೊಲಿಗೆಯ ಮೇಲೆ ಡಾಂಬರು ತೆಳುವಾಗಿತ್ತು. ಮಾವ ಬೈಯಲಿಲ್ಲ, ಮಗ್ಗು ನನ್ನ ಕೈಗೆ ಕೊಟ್ಟರು. ದಂಡೆ ಮುಟ್ಟುವವರೆಗೂ ನೀರು ಎತ್ತಿ ಚೆಲ್ಲುತ್ತಲೇ ಇದ್ದೆ.

ರಾತ್ರಿ ಊಟಕ್ಕೆ ಕೂತಾಗ ಹೇಳಿದೆ, "ಮಾವ, ಇದನ್ನೆಲ್ಲ ಬರೀತೀನಿ. ನಿಮ್ಮ ಹೆಸರೂ ಹಾಕ್ತೀನಿ. ಹೆಣೆದೋರ ಹೆಸರು ಎಲ್ಲೂ ಇಲ್ಲ."

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. "ಹೆಸರು ತಗೊಂಡು ಏನ್ ಮಾಡ್ತಾರ? ಗೆಣ್ಣು ಹೆಂಗ ಕೆತ್ತಬೇಕು, ಹೊಲಿಗಿ ಮ್ಯಾಲೆ ಡಾಂಬರ ಎರಡು ಸಲ ಬಳೀಬೇಕು, ಅದನ್ನ ಬರಿ."

ಅದಕ್ಕೇ ಹೆಸರು ಹಾಕಿಲ್ಲ. ನಿಮ್ಮ ಹೊಳೆಯ ಕಡೆ ಯಾರಾದರೂ ಇನ್ನೂ ಹೆಣೆಯುತ್ತಿದ್ದರೆ ಒಂದು ದಿನ ಪಕ್ಕದಲ್ಲಿ ಕೂತು ನೋಡಿ, ಬರೆದಿಡಿ. ಮತ್ತೆ, ಹೊಲಿಗೆಯ ಮೇಲೆ ಡಾಂಬರು ಎರಡು ಸಲ. ಮರೀಬೇಡಿ.