1517: ಜಿದ್ದಾದ ಬಾಗಿಲಿಗೆ ಬಂದ ಹಡಗುಗಳು

ಇಂದು ಹಜ್ಜ್‌ಗೆ ಹೊರಡುವವರ ಪಾಲಿಗೆ ಜಿದ್ದಾ ಎಂದರೆ ಒಂದು ವಿಮಾನ ನಿಲ್ದಾಣ. ಐದು ಶತಮಾನಗಳ ಹಿಂದೆ ಅದು ಹರಮ್‌ನ ಸಮುದ್ರದ್ವಾರವಾಗಿತ್ತು. ಅಲ್ಲಿಂದ ಮಕ್ಕಾಕ್ಕೆ ಇರುವ ದೂರ ಸುಮಾರು ಎಪ್ಪತ್ತೈದು ಕಿಲೋಮೀಟರ್ ಮಾತ್ರ. ಹಿಜರಿ 923ರ ರಬೀಉಲ್ ಅವ್ವಲ್, ಅಂದರೆ ಕ್ರಿ.ಶ. 1517ರ ಏಪ್ರಿಲ್ ತಿಂಗಳಲ್ಲಿ ಆ ದ್ವಾರದ ಮುಂದೆ ಪೋರ್ಚುಗೀಸರ ಮೂವತ್ತಕ್ಕೂ ಹೆಚ್ಚು ಹಡಗುಗಳು ಲಂಗರು ಹಾಕಿದ್ದವು. ಅವು ಹೊರಟದ್ದು ನಮ್ಮ ನೆರೆಯ ಗೋವಾದಿಂದ.

ಅವರ ಉದ್ದೇಶವೇನಿತ್ತೆಂಬುದರಲ್ಲಿ ಮುಸ್ಲಿಮ್ ಜಗತ್ತಿಗೆ ಭ್ರಮೆಯಿರಲಿಲ್ಲ. 1502ರಲ್ಲಿ ವಾಸ್ಕೋ ಡ ಗಾಮ ಮಕ್ಕಾದಿಂದ ಮರಳುತ್ತಿದ್ದ ಯಾತ್ರಿಕರ ಹಡಗನ್ನು ಮಲಬಾರಿನ ಸಮುದ್ರದಲ್ಲಿ ಹೆಂಗಸರು ಮಕ್ಕಳ ಸಮೇತ ಸುಟ್ಟಿದ್ದನು. 1510ರಲ್ಲಿ ಗೋವಾವನ್ನು ಗೆದ್ದ ಆಲ್ಬುಕರ್ಕ್ 1513ರಲ್ಲಿ ಏಡನ್ ಮೇಲೆ ದಾಳಿಯಿಟ್ಟು, ಏಣಿಗಳು ಮುರಿದುಬಿದ್ದು ವಿಫಲನಾಗಿ, ಕೆಂಪು ಸಮುದ್ರವನ್ನು ಹೊಕ್ಕಿದ್ದನು. ನೈಲ್ ನದಿಯನ್ನು ತಿರುಗಿಸಬೇಕು, ಮದೀನಾದಿಂದ ಪ್ರವಾದಿ(ಸ)ಯವರ ಪಾರ್ಥಿವ ಶರೀರವನ್ನು ಅಪಹರಿಸಬೇಕು ಎಂಬ ಅವನ ಯೋಜನೆಗಳು ಅವನ ಮಗನೇ ಸಂಕಲಿಸಿದ ಗ್ರಂಥದಲ್ಲಿ ದಾಖಲಾಗಿವೆ. ಆ ಕನಸಿನ ಉತ್ತರಾಧಿಕಾರಿಯಾಗಿ ಬಂದವನು ಹೊಸ ಗವರ್ನರ್ ಲೋಪೊ ಸೊವಾರೆಸ್.

ಎದುರು ಪಕ್ಷದ ನೌಕಾಪಡೆಯ ಕಥೆ ಬೇರೆ. ಈಜಿಪ್ಟಿನಲ್ಲಿ ಹಡಗು ಕಟ್ಟಲು ಮರವೇ ಇರಲಿಲ್ಲ. ಅನಾತೋಲಿಯಾದ ಕಾಡುಗಳಿಂದ ಮರ ತಂದು, ಮೆಡಿಟರೇನಿಯನ್ ದಾಟಿಸಿ, ಒಂಟೆಗಳ ಮೇಲೆ ಮರುಭೂಮಿಯ ಮೂಲಕ ಸುಯೆಜ್‌ಗೆ ಸಾಗಿಸಬೇಕಿತ್ತು. 1510ರಲ್ಲಿ ಇಂತಹ ಮರದ ಹಡಗುಗಳನ್ನು ರೋಡ್ಸ್ ದ್ವೀಪದ ಕ್ರೈಸ್ತ ಯೋಧರು ಹಿಡಿದುಕೊಂಡಾಗ ಮಮ್ಲೂಕ್ ಸುಲ್ತಾನ ಕಾನ್ಸೂಹ್ ಅಲ್‌ಗೌರಿಯು ಉಸ್ಮಾನಿಯಾ ಸುಲ್ತಾನ ಎರಡನೇ ಬಾಯಝೀದರ ನೆರವು ಕೋರಿದನು. ಮರ, ಫಿರಂಗಿ, ಮದ್ದು, ನಾವಿಕರು ಬಂದರು. ಮಿಡಿಲ್ಲಿ ದ್ವೀಪದ ಸಲ್ಮಾನ್ ರಈಸ್ ಆ ಪಡೆಯ ನಾಯಕರಲ್ಲಿ ಒಬ್ಬನಾದನು.

ಹಡಗಿಗೆ ಹಡಗನ್ನು ಹೋಲಿಸಿದರೆ ಪೋರ್ಚುಗೀಸರದೇ ಮೇಲುಗೈ. ಎತ್ತರದ ಪಕ್ಕಗಳು, ಅಲೆಗಳನ್ನು ತಾಳುವ ಗಟ್ಟಿ ಒಡಲು, ಎರಡೂ ಬದಿಯಿಂದ ಹಾರುವ ಫಿರಂಗಿ ಗುಂಡುಗಳು, ತಿಂಗಳುಗಟ್ಟಲೆ ದಡ ಕಾಣದೆ ಸಾಗುವ ಸಾಮರ್ಥ್ಯ. 1509ರಲ್ಲಿ ದಿಯು ಬಳಿ ಮಮ್ಲೂಕ್ ಪಡೆ ನುಚ್ಚುನೂರಾದದ್ದು ಇಂತಹ ಹಡಗುಗಳೆದುರು. ಸಲ್ಮಾನನಲ್ಲಿದ್ದವು ಹೆಚ್ಚಾಗಿ ಗ್ಯಾಲಿಗಳು, ಅಂದರೆ ತಗ್ಗಾದ, ಉದ್ದನೆಯ, ಹುಟ್ಟು ಹಾಕಿ ನಡೆಸುವ ನೌಕೆಗಳು. ಅವುಗಳ ಭಾರೀ ಫಿರಂಗಿಗಳು ಮೂತಿಯಲ್ಲಿ ಮಾತ್ರ. ಅಷ್ಟು ಹುಟ್ಟುಗಾರರಿಗೆ ಕುಡಿಯುವ ನೀರು ಬೇಕಾದ್ದರಿಂದ ದಡ ಬಿಟ್ಟು ಬಹುದೂರ ಹೋಗುವಂತಿರಲಿಲ್ಲ. ಅರಬಿ ಸಮುದ್ರದ ನಡುವೆ ಇವೆರಡೂ ಎದುರಾಗಿದ್ದರೆ ಫಲಿತಾಂಶವೇನೆಂದು ಊಹಿಸಲು ನೌಕಾಶಾಸ್ತ್ರ ಬೇಕಿಲ್ಲ.

ಆದರೆ ಜಿದ್ದಾ ಅರಬಿ ಸಮುದ್ರವಲ್ಲ. ಅದರ ಮುಂದೆ ಹವಳದ ದಿಬ್ಬಗಳು ಸಾಲುಸಾಲಾಗಿ ಹರಡಿವೆ. ನಡುವಿನ ಕಾಲುವೆ ಇಕ್ಕಟ್ಟಾದದ್ದು, ಅಂಕುಡೊಂಕಾದದ್ದು. ಗಾಳಿಯನ್ನೇ ನೆಚ್ಚಿದ, ಆಳವಾದ ನೀರು ಬೇಡುವ ದೊಡ್ಡ ಹಡಗು ಅಲ್ಲಿ ಕುರುಡನಂತೆ ತಡವರಿಸಬೇಕು. ಆಳವಿಲ್ಲದ ನೀರಿನಲ್ಲಿ, ಗಾಳಿಯಿಲ್ಲದಾಗಲೂ ತಿರುಗಬಲ್ಲ ಗ್ಯಾಲಿಗೆ ಅದೇ ಸ್ವಂತ ಅಂಗಳ. ಸಲ್ಮಾನನು ಭಾರೀ ಕಲ್ಲುಗುಂಡುಗಳನ್ನು ಎಸೆಯುವ ಫಿರಂಗಿಗಳನ್ನು ಕಾಲುವೆಗೆ ಗುರಿಯಿಟ್ಟು ದಡದಲ್ಲಿ ನಿಲ್ಲಿಸಿದನು. ಅಮೀರ್ ಹುಸೈನ್ ಅಲ್‌ಕುರ್ದಿ ಕಟ್ಟಿಸಿದ್ದ ಕೋಟೆಗೋಡೆ ಬೆನ್ನಿಗಿತ್ತು. ಒಳನುಗ್ಗಲು ಕೆಲವು ಕಪ್ತಾನರು ಒತ್ತಾಯಿಸಿದರೂ ಸೊವಾರೆಸ್ ಒಪ್ಪಲಿಲ್ಲ. ಕೆಲವು ದಿನ ಕಾದು ಲಂಗರು ಎತ್ತಿದನು. ಅನಂತರ ಕಮರಾನ್ ದ್ವೀಪದಲ್ಲಿ ಹಸಿವು, ಬಾಯಾರಿಕೆ, ಬೇನೆಗಳು ಅವನ ಜನರನ್ನು ಯುದ್ಧಕ್ಕಿಂತ ಹೆಚ್ಚಾಗಿ ಕೊಂದವು.

ಅಬ್ರಹನ ಆನೆಪಡೆಯನ್ನು ಇಲ್ಲಿ ನೆನೆಯುವವರಿದ್ದಾರೆ. ತನ್ನ ಭವನವನ್ನು ಕಾಯುವವನು ಅಲ್ಲಾಹನೇ ಎಂಬುದರಲ್ಲಿ ಸಂದೇಹವಿಲ್ಲ. ಆದರೆ ಒಂಟೆಗಳ ಬೆನ್ನಿನ ಮೇಲೆ ಬಂದ ಆ ಮರದ ದಿಮ್ಮಿಗಳನ್ನು ಮರೆತು ಈ ಘಟನೆಯನ್ನು ಹೇಳುವುದು ನನಗೆ ಸರಿಕಾಣುವುದಿಲ್ಲ.

ಮರೆಯಬಾರದ ಇನ್ನೊಂದು ಕಹಿ ಸಂಗತಿಯೂ ಇದೆ. ಪೋರ್ಚುಗೀಸರ ವಿರುದ್ಧ ಕಟ್ಟಿದ ಇದೇ ಪಡೆ 1516ರಲ್ಲಿ ಮುಸ್ಲಿಮರದೇ ಆದ ಏಡನ್ ನಗರದ ಮೇಲೆ ಫಿರಂಗಿ ಹಾರಿಸಿ ಅದರ ಗೋಡೆಯನ್ನು ಒಡೆದಿತ್ತು. ಮರುವರ್ಷ ಸೊವಾರೆಸ್ ಜಿದ್ದಾಕ್ಕೆ ಹೋಗುವ ದಾರಿಯಲ್ಲಿ ಅಲ್ಲಿಗೆ ಬಂದಾಗ, ಕಾಯಲು ಗೋಡೆಯಿಲ್ಲದ ಏಡನ್‌ನ ಅಧಿಕಾರಿ ಅಮೀರ್ ಮಿರ್ಜಾನ್ ನಗರವನ್ನೇ ಒಪ್ಪಿಸಲು ಮುಂದಾದನು. ಮರಳಿ ಬರುವಾಗ ನೋಡಿಕೊಳ್ಳೋಣವೆಂದು ಸೊವಾರೆಸ್ ಮುಂದೆ ಸಾಗಿದನು. ಮರಳಿ ಬರುವಷ್ಟರಲ್ಲಿ ಗೋಡೆ ದುರಸ್ತಿಯಾಗಿತ್ತು, ಮಿರ್ಜಾನನ ಮನಸ್ಸೂ ಬದಲಾಗಿತ್ತು. ಅದೇ ಜನವರಿಯಲ್ಲಿ ಕೈರೋದ ಬಳಿ ಉಸ್ಮಾನಿಯರೂ ಮಮ್ಲೂಕರೂ ಪರಸ್ಪರ ಕತ್ತಿ ಹಿರಿದಿದ್ದರು. ಜಿದ್ದಾವನ್ನು ಕಾದ ಸೈನಿಕರ ಒಡೆಯನೇ ಆಗ ಬದುಕಿರಲಿಲ್ಲ.

1525ರಲ್ಲಿ ಉಸ್ಮಾನಿಯಾ ಆಡಳಿತಕ್ಕೆ ಸಲ್ಲಿಸಿದ ವರದಿಯಲ್ಲಿ ಸಲ್ಮಾನ್ ರಈಸ್ ಜಿದ್ದಾದಲ್ಲಿದ್ದ ಹದಿನೆಂಟು ನೌಕೆಗಳನ್ನೂ ಅವುಗಳ ಫಿರಂಗಿಗಳನ್ನೂ ಎಣಿಸಿ ಬರೆದಿದ್ದಾನೆ. ಈ ಹಡಗುಗಳ ಸುದ್ದಿ ಕೇಳಿಯೇ ಪೋರ್ಚುಗೀಸರು ಈ ಕಡೆ ಬರಲು ಅಂಜುತ್ತಾರೆ, ಅವುಗಳಲ್ಲಿ ಜನರಿಲ್ಲವೆಂಬುದು ಅವರಿಗೆ ತಿಳಿದರೆ ಖಂಡಿತ ಬರುತ್ತಾರೆ ಎಂಬುದು ಅವನ ಎಚ್ಚರಿಕೆಯಾಗಿತ್ತು.