ದಾಸವಾಳದ ಸಸ್ಯಾಭಿವೃದ್ಧಿಯ ಇತಿಹಾಸ

ಮನೆಯಂಗಳದ ದಾಸವಾಳ (ಹೈಬಿಸ್ಕಸ್ ರೋಸಾ-ಸೈನೆನ್ಸಿಸ್) ಬೀಜ ಕಟ್ಟುವುದು ಅಪರೂಪ. ಕಟ್ಟಿದರೂ ಸಸಿಯ ಹೂವು ತಾಯಿಗಿಡದ ಹೂವಿನಂತಿರುವುದಿಲ್ಲ. ಹಾಗಾಗಿ ಒಂದು ಬಗೆಯನ್ನು ಉಳಿಸಿಕೊಳ್ಳಲು ಕಡ್ಡಿ ನೆಡುವುದು, ಗೂಟಿ ಕಟ್ಟುವುದು, ಕಸಿ ಮಾಡುವುದು ಈ ಮೂರೇ ಮುಖ್ಯ ದಾರಿ. ಈ ಗಿಡ ಹಬ್ಬಿದ್ದು ಗಾಳಿಯಿಂದಲೋ ಹಕ್ಕಿಯಿಂದಲೋ ಅಲ್ಲ, ಮನುಷ್ಯರ ಕೈಯಿಂದ.

ಮೂಲದ ವಿಷಯದಲ್ಲಿ ಗೊಂದಲವಿದೆ. 1753ರಲ್ಲಿ ಲಿನೇಯಸ್ ಕೊಟ್ಟ ಹೆಸರಿನ ಅರ್ಥ ‘ಚೀನಾದ ಗುಲಾಬಿ’. ಹಲವು ಪುಸ್ತಕಗಳು ಇದನ್ನೇ ನೆಚ್ಚಿ ಗಿಡದ ತವರು ಚೀನಾ ಎನ್ನುತ್ತವೆ. ಆದರೆ ಕಾಡಿನಲ್ಲಿ ತಾನಾಗಿ ಬೆಳೆದ ದಾಸವಾಳ ಅಲ್ಲಿ ಸಿಕ್ಕಿಲ್ಲ. ಇದು ಶಾಂತಸಾಗರದ ಎರಡು ಪ್ರಭೇದಗಳ, ಅಂದರೆ ವನುವಾಟುವಿನ ಹೈಬಿಸ್ಕಸ್ ಕೂಪರಿ ಮತ್ತು ತಾಹಿತಿಯ ಹೈಬಿಸ್ಕಸ್ ಕೌತೆಗಳ ಮಿಶ್ರತಳಿ, ಯುರೋಪಿಯನ್ನರು ಬರುವ ಮೊದಲೇ ಪಾಲಿನೇಷ್ಯನ್ನರು ಬೆಳೆಸಿದ್ದು ಎಂಬುದು ಈಚಿನ ಸಸ್ಯವಿಜ್ಞಾನಿಗಳ ವಾದ. ಇದಕ್ಕೆ ಸಂಸ್ಕೃತ ಸಾಹಿತ್ಯ ತೊಡಕಾಗಿ ನಿಲ್ಲುತ್ತದೆ. ಕಾಳಿದಾಸನ ಮೇಘದೂತದಲ್ಲಿ ಸಂಜೆಗೆಂಪಿಗೆ ಜಪಾಪುಷ್ಪದ ಹೋಲಿಕೆಯಿದೆ. ಜಪಾ ಎಂದರೆ ದಾಸವಾಳ ಎಂಬುದು ರೂಢಿಯ ಅರ್ಥ. ತಾಹಿತಿಯ ಸುತ್ತಿನ ದ್ವೀಪಗಳಲ್ಲಿ ಜನ ನೆಲೆಸಿದ್ದು ಕ್ರಿ.ಶ. 1000ದ ಆಸುಪಾಸು ಎನ್ನುತ್ತವೆ ಇಂಗಾಲದ ಕಾಲಗಣನೆಗಳು. ಕಾಳಿದಾಸ ಅದಕ್ಕೂ ಕೆಲವು ಶತಮಾನ ಹಿಂದಿನವನು. ಕವಿಯ ಜಪಾ ಬೇರೆ ಹೂವಾಗಿರಬೇಕು, ಇಲ್ಲವೆ ಮಿಶ್ರತಳಿಯ ಕಾಲವನ್ನೋ ಸ್ಥಳವನ್ನೋ ತಿದ್ದಬೇಕು.

ಚಿತ್ರಸಹಿತ ದಾಖಲೆ ಲಿನೇಯಸ್‌ಗಿಂತ ಹಳೆಯದು. ಡಚ್ ಅಧಿಕಾರಿ ವಾನ್ ರೀಡೆ ಹೊರತಂದ ‘ಹೋರ್ಟಸ್ ಮಲಬಾರಿಕಸ್’ ಗ್ರಂಥದ ಎರಡನೇ ಸಂಪುಟದಲ್ಲಿ (1679) ಮಲಯಾಳದ ಚೆಂಪರತ್ತಿ ಎಂಬ ಹೆಸರಿನಲ್ಲೇ ಈ ಗಿಡ ಸೇರಿದೆ. 1731ರಲ್ಲಿ ಲಂಡನ್ನಿನ ಚೆಲ್ಸಿ ತೋಟದಲ್ಲಿ ಫಿಲಿಪ್ ಮಿಲ್ಲರ್ ಇದನ್ನು ಬೆಳೆಸಿದ್ದ.

ನಿಜವಾದ ತಿರುವು ಬಂದದ್ದು 1820ರ ದಶಕದಲ್ಲಿ. ಮಾರಿಷಸ್‌ನಲ್ಲಿ ಚಾರ್ಲ್ಸ್ ಟೆಲ್ಫೇರ್ ಅಲ್ಲಿನ ಸ್ಥಳೀಯ ಪ್ರಭೇದದೊಂದಿಗೆ ದಾಸವಾಳವನ್ನು ಸಂಕರಿಸಿದ. ಹೊಸ ತಳಿ ಮೊದಲಿಗೆ ಒಂದೇ ಒಂದು ಸಸಿ. ಅದರ ಕಡ್ಡಿ ಬೇರೂರಿದರಷ್ಟೇ ತಳಿ ಉಳಿಯುತ್ತದೆ. ವಾರ್ಡ್ ಎಂಬಾತ ರೂಪಿಸಿ 1833ರಲ್ಲಿ ಪರೀಕ್ಷಿಸಿದ ಗಾಜಿನ ಪೆಟ್ಟಿಗೆಯಿಂದ ಇಂಥ ಗಿಡಗಳ ಹಡಗುಪ್ರಯಾಣ ಸುಲಭವಾಯಿತು. 1935ರಲ್ಲಿ ಅಮೆರಿಕದ ಝಿಮ್ಮರ್‌ಮನ್ ಮತ್ತು ವಿಲ್ಕಾಕ್ಸನ್ ಇಂಡೋಲ್ ಬ್ಯುಟಿರಿಕ್ ಆಮ್ಲಕ್ಕೆ ಬೇರು ಬರಿಸುವ ಗುಣವಿರುವುದನ್ನು ತೋರಿಸಿದರು. ನರ್ಸರಿಗಳು ಈಗ ಬಳಸುವ ಬೇರುಪುಡಿಯ ಮುಖ್ಯ ಅಂಶ ಇದೇ. ಸುಲಭಕ್ಕೆ ಬೇರು ಬಿಡದ ದೊಡ್ಡ ಹೂವಿನ ಮಿಶ್ರತಳಿಗಳನ್ನು ಗಟ್ಟಿ ಬೇರಿನ ಗಿಡಗಳ ಮೇಲೆ ಕಸಿ ಮಾಡುವುದು ಬಳಕೆಗೆ ಬಂತು.

ಮನೆಯ ಪದ್ಧತಿ ಇದರಿಂದೆಲ್ಲ ಹೆಚ್ಚು ಬದಲಾಗಲಿಲ್ಲ. ಕರ್ನಾಟಕದಲ್ಲಿ ಮಳೆಗಾಲ ಹಿಡಿದ ಮೇಲೆ ಪೆನ್ಸಿಲ್ ದಪ್ಪದ, ತೀರ ಎಳೆಯದೂ ಅಲ್ಲದ ತೀರ ಬಲಿತದ್ದೂ ಅಲ್ಲದ ರೆಂಬೆಯನ್ನು ಗೇಣುದ್ದಕ್ಕೆ, ಗೆಣ್ಣಿನ ಕೆಳಗೆ ಓರೆಯಾಗಿ ಕತ್ತರಿಸುತ್ತಾರೆ. ತುದಿಯ ಒಂದೆರಡು ಎಲೆ ಬಿಟ್ಟು ಉಳಿದವನ್ನು ತೆಗೆಯುತ್ತಾರೆ. ಮೇಲಿನ ಗಾಯ ಒಣಗದಂತೆ ಸಗಣಿ ಮೆತ್ತಿ, ಮರಳು ಬೆರೆಸಿದ ಮಣ್ಣಿನಲ್ಲಿ ಎರಡು ಗೆಣ್ಣು ಹೂಳುವಂತೆ ಊರಿ, ನೆರಳಲ್ಲಿಡುತ್ತಾರೆ. ಬೇರಿಗೆ ಒಂದೆರಡು ತಿಂಗಳು ಬೇಕು. ಚಿಗುರು ಅದಕ್ಕೂ ಮೊದಲೇ ಬರುವುದುಂಟು. ಅದನ್ನು ನಂಬಿ ಕಡ್ಡಿ ಕಿತ್ತು ನೋಡಿದವರು ಗಿಡ ಕಳೆದುಕೊಳ್ಳುತ್ತಾರೆ.

ಕಡ್ಡಿಯ ಜೊತೆ ಕೀಟವೂ ಸಾಗುತ್ತದೆ. ಭಾರತದಿಂದ 1908ರಲ್ಲಿ ವಿವರಿಸಲಾದ ಗುಲಾಬಿ ಹಿಟ್ಟುತಿಗಣೆ 1994ರಲ್ಲಿ ಕೆರಿಬಿಯನ್‌ನ ಗ್ರೆನಾಡಾದಲ್ಲಿ ಕಾಣಿಸಿಕೊಂಡು, ಅಲ್ಲಿನ ದಾಸವಾಳಕ್ಕೂ ತೋಟದ ಬೆಳೆಗಳಿಗೂ ಭಾರೀ ಹಾನಿ ಮಾಡಿತು. ಕರ್ನಾಟಕದ ರೇಷ್ಮೆ ಬೆಳೆಗಾರರಿಗೆ ಇದು ಹೊಸತಲ್ಲ: ಹಿಪ್ಪುನೇರಳೆಯ ಕುಡಿ ಮುರುಟಿಸುವ ತುಕ್ರಾಕ್ಕೆ ಕಾರಣ ಇದೇ ತಿಗಣೆ.